ಮನೆಯೊಳಗಿನ ಉಮೇದುವಾರಿ

ಈ ಪ್ರಾಂತವು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ಸರಕಾರಿ ಕಚೇರಿಗಳೊಳಗೆ ಉಮೇದುವಾರರೆಂಬವರು ಇರುತ್ತಿದ್ದರು. ಪಗಾರವಿಲ್ಲದೆ ಕಾಗದಪತ್ರಗಳ ನಕಲು ಬರೆಯುತ್ತ, ಹಿರಿಯ ಕಾರಕೂನರ ಕೈಕೆಳಗೆ ದಫ್ತರದ ರೀತಿಯನ್ನು ಕಲಿಯುತ್ತ, ಎಂದಾದರೊಂದು ದಿನ ಜಾಗವು ತೆರವಾದೀತೆಂದು ಅವರು ಕಾದುಕೊಂಡಿರುವರು. ಉಮೇದು ಎಂಬ ಪಾರಸಿ ಶಬ್ದಕ್ಕೆ ಆಸೆಯೆಂದೇ ಅರ್ಥ. ಇಂದು ಇಂಟರ್ನ್ ಎಂದು ಕರೆಯಿಸಿಕೊಳ್ಳುವ ತರುಣರ ಸ್ಥಿತಿಯು ಇದಕ್ಕೆ ಬಹಳ ದೂರದ್ದಲ್ಲ. ಹೊಸದಾದುದು ಇಷ್ಟೇ: ಕಚೇರಿಯು ಸುಮಾರು 400 ಕಿಲೋಮೀಟರು ದೂರದ ಬೆಂಗಳೂರಲ್ಲಿದ್ದರೆ ಉಮೇದುವಾರನು ರೋಣದಲ್ಲಿಯೋ, ನರಗುಂದದಲ್ಲಿಯೋ, ಗಜೇಂದ್ರಗಡದಲ್ಲಿಯೋ ತನ್ನ ಮನೆಯ ಪಡಸಾಲೆಯಲ್ಲಿಯೇ ಲ್ಯಾಪ್‌ಟಾಪ್ ತೆರೆದು ಕುಳಿತಿರಬಹುದು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಥ ಅನುಭವವನ್ನು ಪಡೆಯುವುದು ಪಠ್ಯಕ್ರಮದ ಕಡ್ಡಾಯ ಭಾಗವಾಗಿದೆ. 2020ನೆಯ ಇಸವಿಯ ಮಾರ್ಚಿಯಲ್ಲಿ ಕೋವಿಡ್ ರೋಗದ ನಿಮಿತ್ತ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ ಮನೆಯಿಂದಲೇ ಕೆಲಸ ಮಾಡುವ ರೂಢಿಯು ಬಲಿಯಿತು. ಚಿಕ್ಕ ಕಂಪನಿಗಳು ಅದನ್ನು ಪೂರಾ ಕೈಬಿಡಲಿಲ್ಲ. ಆದುದರಿಂದ ಈ ವಿಷಯವು ಕಾಲೇಜಿನವರಿಗೆ ಮಾತ್ರವಲ್ಲ, ಗೃಹಸ್ಥರಿಗೂ ಸಂಬಂಧಪಟ್ಟುದಾಗಿದೆ.

ಚಿಕ್ಕ ಕಂಪನಿಯೊಂದರ ಜಾಲತಾಣದಲ್ಲಿ ಈ ಮಕ್ಕಳು ಮಾಡುವುದೇನು? ಜಾಲತಾಣವೆಂಬುದು ಆ ಕಂಪನಿಯ ಅಂಗಡಿಯ ಮುಂಬಾಗಿಲಿದ್ದಂತೆ. ಅದರ ಪುಟವೊಂದಕ್ಕೆ ಮುಖ್ಯವಾಗಿ ಮೂರು ಅಂಗಗಳು. ಯಾವುದು ತಲೆಬರಹ, ಯಾವುದು ಚಿತ್ರವೆಂದು ತಿಳಿಸುವುದು ಎಚ್‌ಟಿಎಂಎಲ್. ಬಣ್ಣವನ್ನೂ ಅಳತೆಯನ್ನೂ ಗೊತ್ತುಪಡಿಸುವುದು ಸಿಎಸ್‌ಎಸ್. ಗುಂಡಿಯನ್ನೊತ್ತಿದರೆ ಏನಾಗತಕ್ಕದ್ದೆಂದು ವಿಧಿಸುವುದು ಜಾವಾಸ್ಕ್ರಿಪ್ಟ್. ಚಿತ್ರಗಳ ಭಾರವನ್ನು ತಗ್ಗಿಸಿ ಪುಟವು ಬೇಗನೆ ತೆರೆಯುವಂತೆ ಮಾಡುವುದು, ಮೊಬೈಲಿನ ಸಣ್ಣ ತೆರೆಯ ಮೇಲೆ ಅಕ್ಷರಗಳು ಒಂದರ ಮೇಲೊಂದು ಬೀಳದಂತೆ ನೋಡುವುದು, ಬೇಡಿಕೆಯ ನಮೂನೆಯಲ್ಲಿಯ ದೋಷವನ್ನು ತಿದ್ದುವುದು, ಇಂಥವು ಕಲಿಯುವವರಿಗೆ ಮೊದಲು ದೊರೆಯುವ ಕೆಲಸಗಳು. ಇವು ಚಿಕ್ಕವಾದರೂ ಹುಸಿಯಾದ ಕೆಲಸಗಳಲ್ಲ.

ಮನೆಯಲ್ಲಿ ಕುಳಿತು ದೂರದ ಧಣಿಗೆ ದುಡಿಯುವುದು ನಮ್ಮ ಸೀಮೆಗೆ ಹೊಸದೆನ್ನಲಾಗದು. ಗಜೇಂದ್ರಗಡವು ಕೈಮಗ್ಗದ ಊರು. ಪಟ್ಟೇದ ಅಂಚಿನ ಸೀರೆಗೆ ಹೆಸರಾದುದು. ವ್ಯಾಪಾರಿಯಿಂದ ನೂಲನ್ನು ತಂದು ಮನೆಯಲ್ಲಿಯೇ ನೆಯ್ದು ಕೊಡುವ ಕೂಲಿ ನೇಕಾರಿಕೆಯನ್ನು ಬಲ್ಲ ನೇಕಾರರ ಮನೆಯವರಿಗೆ ಎರಡು ಸಂಗತಿಗಳು ಚೆನ್ನಾಗಿ ತಿಳಿದಿವೆ. ಮೊದಲನೆಯದು, ಮಗ್ಗಕ್ಕೆ ಕುಳಿತವನು ಮನೆಯಲ್ಲಿದ್ದರೂ ಕೆಲಸದ ಮೇಲಿದ್ದಾನೆಂಬುದು. ಎರಡನೆಯದು, ಬಳಿಯಲ್ಲಿ ಕುಳಿತು ತಪ್ಪಿದ ಎಳೆಯನ್ನು ತೋರಿಸುವ ಹಿರಿಯನಿಲ್ಲದೆ ಮಗುವಿಗೆ ನೇಯ್ಗೆಯು ಬಾರದೆಂಬುದು.

ದೂರದ ಉಮೇದುವಾರಿಯಲ್ಲಿ ಸುಲಭವಾಗಿ ಕಳೆದುಹೋಗುವುವು ಇವೆರಡೇ. ಹಿರಿಯನ ಕಣ್ಣಿಗೆ ಬದಲಾಗಿ ಇಲ್ಲಿ ಗಿಟ್ ಎಂಬ ಸಾಧನವುಂಟು. 2005ರಲ್ಲಿ ಲೀನಸ್ ಟೊರ್ವಾಲ್ಡ್ಸರು ನಿರ್ಮಿಸಿದ ಇದು ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರೆಂಬುದರ ದಾಖಲೆಯನ್ನಿಡುತ್ತದೆ. ತಪ್ಪಾದರೆ ಹಿಂದಿನ ಪ್ರತಿಗೆ ಮರಳಲು ಬರುತ್ತದೆ. ಬೆಂಗಳೂರಿನಲ್ಲಿಯ ಹಿರಿಯನು ರೋಣದ ಹುಡುಗನು ಬರೆದುದನ್ನು ಸಾಲುಸಾಲಾಗಿ ಓದಿ, ಇದು ಏಕೆ ಹೀಗಾಯಿತೆಂದು ಪಕ್ಕದಲ್ಲಿಯೇ ಟಿಪ್ಪಣಿ ಬರೆಯಬಹುದು. ಆದರೆ ಸಾಧನವಿದ್ದ ಮಾತ್ರಕ್ಕೆ ಗುರುವು ದೊರೆತಂತಾಗಲಿಲ್ಲ. ಆದಕಾರಣ ಒಪ್ಪಿಕೊಳ್ಳುವ ಮುಂಚೆ ಕೇಳತಕ್ಕ ಮೊದಲ ಪ್ರಶ್ನೆಯು, ನನ್ನ ಕೆಲಸವನ್ನು ಓದಿ ತಿದ್ದುವವರು ಯಾರು, ವಾರಕ್ಕೆ ಎಷ್ಟು ಸಲ ಎಂಬುದು. ಇದಕ್ಕೆ ಉತ್ತರವಿಲ್ಲದ ಕಡೆಯಲ್ಲಿ ದುಡಿತವಿದ್ದೀತು, ಕಲಿಕೆಯಿರಲಾರದು.

ಎರಡನೆಯ ಪ್ರಶ್ನೆಯು ಹಣದ್ದು. 2024ರಲ್ಲಿ ಕೇಂದ್ರ ಸರಕಾರವು ದೊಡ್ಡ ಕಂಪನಿಗಳಲ್ಲಿ ಕಲಿಯುವ ತರುಣರ ಸಲುವಾಗಿ ಹೂಡಿದ ಯೋಜನೆಯಲ್ಲಿ ತಿಂಗಳಿಗೆ 5000 ರೂಪಾಯಿಗಳನ್ನು ಗೊತ್ತುಪಡಿಸಿತು. ಚಿಕ್ಕ ಕಂಪನಿಗಳಿಗೆ ಆ ಕಟ್ಟಳೆಯಿಲ್ಲ. ಆದಾಗ್ಯೂ ತೂಗಿ ನೋಡಲು ಅದೊಂದು ಅಳತೆಯಾದೀತು. ಪ್ರಮಾಣಪತ್ರವನ್ನು ಕೊಡುವೆವು, ಮೊದಲು ನೀವೇ ಹಣ ಕಟ್ಟಿರಿ ಎನ್ನುವವರೂ ಇದ್ದಾರೆ. ಕೆಲಸ ಮಾಡುವವನೇ ಹಣ ಕೊಡುವ ವ್ಯವಹಾರವನ್ನು ಉಮೇದುವಾರಿಯೆಂದು ಕರೆಯಲಾಗದು. ಅಂಥವರ ಗೊಡವೆಗೆ ಹೋಗದಿರುವುದೇ ಲೇಸು. ಕೆಲಸದ ಅವಧಿ, ದಿನದ ತಾಸುಗಳು, ಕೊಡತಕ್ಕ ಹಣ ಇವು ಬರಹದಲ್ಲಿರಲಿ.

ಇನ್ನು ಮನೆಯವರ ಪಾಲು. ಬೆಂಗಳೂರಿಗೆ ಒಬ್ಬಳನ್ನೇ ಕಳಿಸಲೊಲ್ಲದ ಎಷ್ಟೋ ತಾಯಿತಂದೆಗಳಿಗೆ, ಮಗಳು ಮನೆಯಲ್ಲಿದ್ದೇ ದುಡಿಯುವಳೆಂಬುದು ಸಮಾಧಾನದ ಮಾತು. ಆದರೆ ಮನೆಯಲ್ಲಿರುವಳೆಂಬ ಕಾರಣಕ್ಕೇ ನೀರು ಬಂತೆಂದು ಒಮ್ಮೆ, ಅತಿಥಿಗಳು ಬಂದರೆಂದು ಒಮ್ಮೆ, ರೊಟ್ಟಿಯ ಹೊತ್ತಾಯಿತೆಂದು ಮತ್ತೊಮ್ಮೆ ಅವಳನ್ನು ಕರೆಯುತ್ತಿದ್ದರೆ, ಕೆಲಸವೂ ಕೆಡುವುದು, ಹೆಸರೂ ಕೆಡುವುದು. ತಮ್ಮನಾದರೋ ಅದೇ ಲ್ಯಾಪ್‌ಟಾಪ್ ಮುಂದೆ ನಿಶ್ಚಿಂತೆಯಿಂದ ಕುಳಿತಿರುವನು! ಈ ಭೇದವನ್ನು ನಾವು ನೋಡದಿದ್ದರೆ ಇನ್ನಾರು ನೋಡಬೇಕು? ದಿನಕ್ಕೆ ನಾಲ್ಕೈದು ತಾಸು ಅವಳಿಗೆ ಒಂದು ಮೂಲೆ, ಒಂದು ಮೇಜು, ಕದಲದ ಮೌನ ಇವಿಷ್ಟನ್ನು ಕೊಡುವುದು ಬಡವರ ಮನೆಗೂ ಅಸಾಧ್ಯವಲ್ಲ.

ನಮ್ಮ ಊರಿನ ಮಕ್ಕಳು ಬರಿಗೈಯಲ್ಲಿ ಹೋಗುವವರೂ ಅಲ್ಲ. ಸೀರೆ ಮಾರುವ ಕಂಪನಿಯ ಪುಟದಲ್ಲಿ ಸೆರಗನ್ನು ಅಂಚೆಂದು ಬರೆದಿದ್ದರೆ ಗಜೇಂದ್ರಗಡದ ಹುಡುಗಿಯು ಕೂಡಲೇ ಹಿಡಿದಾಳು. ಕೊಳ್ಳುವವರಲ್ಲಿ ಕನ್ನಡ ಓದುವವರಿದ್ದಾರೆಂದು ನೆನಪಿಸಿ, ಶುದ್ಧವಾದ ಕನ್ನಡದ ಪುಟವನ್ನೂ ಸಿದ್ಧಪಡಿಸಿಯಾಳು. ಇಂಥ ತಿಳಿವಳಿಕೆಗೂ ಬೆಲೆಯುಂಟೆಂದು ಮಕ್ಕಳು ಅರಿತಿರಬೇಕು.

ಹಳೆಯ ಉಮೇದುವಾರನು ಬೇರೊಬ್ಬರ ಜಾಗವು ತೆರವಾಗುವುದನ್ನು ಕಾಯುತ್ತಿದ್ದನು. ಇಂದಿನವನಿಗೆ ಆ ಹಂಗು ಅಷ್ಟಿಲ್ಲ. ಕಲಿತ ವಿದ್ಯೆಯು ಕಂಪನಿಯನ್ನು ಬಿಟ್ಟರೂ ಅವನ ಸಂಗಡ ಬರುವುದು. ಆರು ತಿಂಗಳ ತರುವಾಯ ಪ್ರಮಾಣಪತ್ರವನ್ನು ತೋರಿಸಿದ ಮಗನಿಗೆ, ಮಗಳಿಗೆ, ನೀನು ಕಟ್ಟಿದ ಪುಟವನ್ನು ತೆರೆದು ತೋರಿಸು, ಅದು ಹೇಗೆ ನಡೆಯುವುದೆಂದು ತಿಳಿಸಿ ಹೇಳು ಎಂದು ಗೃಹಸ್ಥರು ಕೇಳಲಿ. ತಡೆಯಿಲ್ಲದೆ ತಿಳಿಸಿ ಹೇಳಿದರೆ ಆ ಆರು ತಿಂಗಳು ಸಾರ್ಥಕವಾದುವೆಂದು ನಂಬಬಹುದು.