ಹಾರ್ಡ್‌ವೇರ್ ಮಳಿಗೆಯ ಮುಂದಿನ ಒಲೆ ಮತ್ತು ನಮ್ಮೂರ ಶಾಲೆ

ಸಿಡ್ನಿಯಲ್ಲಾಗಲಿ ಮೆಲ್ಬರ್ನಿನಲ್ಲಾಗಲಿ, ವಾರಾಂತ್ಯದ ಬೆಳಿಗ್ಗೆ ಬನ್ನಿಂಗ್ಸ್ ಎಂಬ ಹಾರ್ಡ್‌ವೇರ್ ಮಳಿಗೆಗೆ ಹೋದವರನ್ನು ಮೊದಲು ಎದುರುಗೊಳ್ಳುವುದು ಹುರಿದ ಈರುಳ್ಳಿಯ ವಾಸನೆ. ಬಾಗಿಲ ಬಳಿ ಒಂದು ಗುಡಾರ, ಒಂದು ಗ್ಯಾಸ್ ಒಲೆ, ಅದರ ಹಿಂದೆ ಏಪ್ರನ್ ಕಟ್ಟಿಕೊಂಡ ನಾಲ್ಕೈದು ಹಿರಿಯರು. ಬ್ರೆಡ್ಡಿನ ಒಂದು ಹೋಳಿನಲ್ಲಿ ಸುತ್ತಿದ ಸಾಸೇಜಿಗೆ ಬಹುಕಾಲ ಎರಡೂವರೆ ಡಾಲರ್ ಇತ್ತು. 2022ರಲ್ಲಿ ಮೂರೂವರೆ ಆದಾಗ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. 2018ರಲ್ಲಿ ಈರುಳ್ಳಿಯನ್ನು ಸಾಸೇಜಿನ ಮೇಲೆ ಹಾಕದೆ ಕೆಳಗೆ ಹಾಕಿರೆಂದು ಮಳಿಗೆಯವರು ಸೂಚಿಸಿದ್ದರು. ಜಾರಿ ಬಿದ್ದ ಈರುಳ್ಳಿಯ ಮೇಲೆ ಯಾರಾದರೂ ಕಾಲಿಟ್ಟು ಬಿದ್ದಾರೆಂಬ ಭಯ. ದೇಶವೇ ಅದನ್ನು ಚರ್ಚಿಸಿತು. ಹೊಸದಾಗಿ ಬಂದವರಿಗೆ ಇದು ಹುಡುಗಾಟವೆನಿಸಬಹುದು. ಆದರೆ ಆ ಒಲೆಯ ಮುಂದೆ ಸಂಗ್ರಹವಾಗುವ ಹಣ ಮಳಿಗೆಗೆ ಸೇರುವುದಿಲ್ಲ; ಅಂದು ಸರದಿ ಪಡೆದ ಸಂಸ್ಥೆಗೆ ಸೇರುತ್ತದೆ. ಅನೇಕ ವೇಳೆ ಅದು ಸ್ಥಳೀಯ ರೋಟರಿ ಅಥವಾ ಲಯನ್ಸ್ ಕ್ಲಬ್ಬು.

ರೋಟರಿ ಈ ದೇಶಕ್ಕೆ ಬಂದದ್ದು 1921ರಲ್ಲಿ, ಮೊದಲು ಮೆಲ್ಬರ್ನಿಗೆ, ಅದೇ ವರ್ಷ ಸಿಡ್ನಿಗೆ. ಲಯನ್ಸ್ 1947ರಲ್ಲಿ ನ್ಯೂ ಸೌತ್ ವೇಲ್ಸಿನ ಲಿಸ್ಮೋರಿನಲ್ಲಿ ಆರಂಭವಾಯಿತು. ಅವರ ಕ್ರಿಸ್ಮಸ್ ಕೇಕು ಈಗ ಮನೆಮಾತು. ನಮ್ಮಲ್ಲಿ ಇಂಥ ಕ್ಲಬ್ಬೆಂದರೆ ಊರಿನ ವರ್ತಕರು, ವಕೀಲರು, ವೈದ್ಯರು ಕೂಡಿ ಊಟ ಮಾಡುವ ಕೂಟವೆಂಬ ಭಾವನೆ ಬಹಳ ಮಂದಿಗಿದೆ. ನಾನು ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ ಮಕ್ಕಳ ವಾರ್ಡಿನಲ್ಲಿ ಪೋಲಿಯೋದಿಂದ ಕಾಲು ಸೋತ ಕೂಸುಗಳು ಅಪರೂಪವಾಗಿರಲಿಲ್ಲ. 1985ರಲ್ಲಿ ರೋಟರಿ ಪೋಲಿಯೋ ವಿರುದ್ಧ ಜಾಗತಿಕ ಕಾರ್ಯಕ್ರಮವನ್ನು ಕೈಗೊಂಡಿತು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಲಕ್ಷಾಂತರ ಕಾರ್ಯಕರ್ತರು ಎಲ್ಲರ ದುಡಿಮೆ ಅದರಲ್ಲಿತ್ತು. ಇಂಥ ಒಲೆಗಳ ಮುಂದೆ ಕೂಡಿದ ಚಿಲ್ಲರೆಯೂ ಇತ್ತು.

ಇಲ್ಲಿಯ ಕ್ಲಬ್ಬುಗಳಲ್ಲಿ ನನಗೆ ಹೆಚ್ಚು ಹಿಡಿಸಿರುವುದು ಲೆಕ್ಕದ ಶಿಸ್ತು. ಸಾರ್ವಜನಿಕರಿಂದ ಬಂದ ಹಣಕ್ಕೆ ಒಂದು ಖಾತೆ, ಕ್ಲಬ್ಬಿನ ಖರ್ಚಿಗೆ ಮತ್ತೊಂದು. ಸಭೆಯ ಊಟ, ಬ್ಯಾಡ್ಜು, ಅಂಚೆ ಎಲ್ಲವೂ ಸದಸ್ಯರ ಚಂದಾದಿಂದ ಬರಬೇಕು. ಸಾಸೇಜಿನ ಒಂದು ಡಾಲರನ್ನೂ ಅದಕ್ಕೆ ಮುಟ್ಟುವಂತಿಲ್ಲ. ನಮ್ಮ ಕನ್ನಡ ಕೂಟಗಳ ಲೆಕ್ಕಪತ್ರವನ್ನು ಓದುವಾಗ ಈ ಭೇದ ನೆನಪಾಗದೆ ಇರುವುದಿಲ್ಲ. ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುವುದು ತಪ್ಪಲ್ಲ, ಅದು ಬೇಕು ಕೂಡ. ಆದರೆ ‘ಕನ್ನಡ ಶಾಲೆಗಳ ನೆರವಿಗೆ’ ಎಂದು ಟಿಕೆಟಿನ ಮೇಲೆ ಮುದ್ರಿಸಿದ ಮೇಲೆ ವಿಮಾನದ ದರ, ಸಭಾಂಗಣದ ಬಾಡಿಗೆ, ಊಟ ಕಳೆದು ಉಳಿದದ್ದು ಶಾಲೆಗೆ ಎನ್ನುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಮೊದಲು ಶಾಲೆಯ ಪಾಲು ತೆಗೆದಿಡಬೇಕು. ಉಳಿದದ್ದರಲ್ಲಿ ಹಾಡು, ಹೋಳಿಗೆ.

ಇನ್ನು ಶಾಲೆಗೆ ಏನು ಕೊಡಬೇಕೆಂಬ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಕೊಟ್ಟ ಕಂಪ್ಯೂಟರುಗಳು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಬಟ್ಟೆ ಹೊದ್ದು ಕುಳಿತಿದ್ದವು. ಕಳವಿನ ಹೆದರಿಕೆ, ವಿದ್ಯುತ್ತಿನ ಅಭಾವ, ಕಲಿಸುವವರ ವರ್ಗಾವಣೆ. ದಾನಿಗಳ ಹೆಸರಿನ ಫಲಕ ಮಾತ್ರ ಹೊರಗೆ ಹೊಳೆಯುತ್ತಿತ್ತು. ಅದೇ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿರಲಿಲ್ಲ. ತಿಂಗಳಲ್ಲಿ ನಾಲ್ಕು ದಿನ ಹುಡುಗಿಯರೇಕೆ ಬರುವುದಿಲ್ಲವೆಂದು ಕೇಳಬೇಕಾದ ಅಗತ್ಯವೇ ಇರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಕಣ್ಣು ಕಿರಿದುಮಾಡಿ ಹಲಗೆ ನೋಡುತ್ತಿದ್ದ. ಸಮೀಪದೃಷ್ಟಿಯುಳ್ಳ ಮಗುವನ್ನು ‘ದಡ್ಡ’ನೆಂದು ಹಿಂದೆ ಕೂರಿಸುವ ಶಾಲೆಗೆ ಪ್ರೊಜೆಕ್ಟರ್ ಕೊಟ್ಟು ಏನು ಪ್ರಯೋಜನ? ವೈದ್ಯನಾಗಿ ನನ್ನ ಪಟ್ಟಿ ಚಿಕ್ಕದು: ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮತ್ತು ಕನ್ನಡಕ, ರಕ್ತಹೀನತೆಯ ತಪಾಸಣೆ, ಶೌಚಾಲಯಕ್ಕೆ ನೀರಿನ ತೊಟ್ಟಿ, ಅದನ್ನು ತೊಳೆಯುವವರಿಗೆ ಸಂಬಳ. ಕೊನೆಯದನ್ನು ಯಾವ ದಾನಿಯೂ ಇಷ್ಟಪಡುವುದಿಲ್ಲ. ಅದರ ಮೇಲೆ ಫಲಕ ಹಾಕಲಾಗದು.

ರೋಟರಿಯ ‘ಗ್ಲೋಬಲ್ ಗ್ರಾಂಟ್’ ಪದ್ಧತಿಯನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ಕನಿಷ್ಠ 30,000 ಅಮೆರಿಕನ್ ಡಾಲರುಗಳ ಯೋಜನೆ, ಎರಡು ದೇಶಗಳ ಕ್ಲಬ್ಬುಗಳ ಪಾಲುದಾರಿಕೆ, ಎಲ್ಲಕ್ಕಿಂತ ಮೊದಲು ಫಲಾನುಭವಿಗಳನ್ನು ಕೇಳಿ ತಯಾರಿಸಿದ ಅಗತ್ಯಗಳ ಸಮೀಕ್ಷೆ. ಕಾಗದಪತ್ರ ವಿಪರೀತ, ತಾಳ್ಮೆ ಕೆಡುತ್ತದೆ. ಆದರೂ ಬಟ್ಟೆ ಹೊದ್ದ ಕಂಪ್ಯೂಟರುಗಳಿಗಿಂತ ಕಾಗದವೇ ಮೇಲು.

ಹಣ ಕಳುಹಿಸುವ ದಾರಿಯೂ ಸರಳವಲ್ಲ. ಇಲ್ಲಿಂದ ನೇರವಾಗಿ ಊರಿನ ಶಾಲೆಗೆ ಕೊಟ್ಟದ್ದಕ್ಕೆ ಆಸ್ಟ್ರೇಲಿಯಾದಲ್ಲಿ ತೆರಿಗೆ ವಿನಾಯಿತಿ ದೊರೆಯದು. ಮಾನ್ಯತೆ ಪಡೆದ ನಿಧಿಯ ಮೂಲಕ ಹೋಗಬೇಕು. ಭಾರತದಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಿದೆ. ಭಾರತೀಯ ಪೌರರಾಗಿಯೇ ಉಳಿದವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಆಸ್ಟ್ರೇಲಿಯಾದ ಪೌರತ್ವ ಪಡೆದವರು, ಒಸಿಐ ಕಾರ್ಡು ಇದ್ದರೂ, ಕಾನೂನಿನ ಕಣ್ಣಿನಲ್ಲಿ ವಿದೇಶಿಯರೇ. ಅವರಿಂದ ಹಣ ಪಡೆಯುವ ಟ್ರಸ್ಟಿಗೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ‘ಅಣ್ಣಾ, ನನ್ನ ಖಾತೆಗೆ ಹಾಕಿಬಿಡಿ, ನಾನು ಶಾಲೆಗೆ ಕೊಡುತ್ತೇನೆ’ ಎನ್ನುವ ತಮ್ಮಂದಿರು ತಮಗೇ ತೊಂದರೆ ತಂದುಕೊಳ್ಳುತ್ತಾರೆ.

ಇಲ್ಲಿಗೆ ಬರಲು ಸಿದ್ಧತೆ ನಡೆಸಿರುವ ಯುವಕರಿಗೆ ಒಂದು ಮಾತು. ನಾನು ಕಂಡ ಕ್ಲಬ್ಬುಗಳಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಗುಡಾರ ಎತ್ತಿ ಕಟ್ಟುವುದಕ್ಕೂ ಆಳುಗಳಿಲ್ಲ. ಮಾಂಸ ಮುಟ್ಟದ ನಮ್ಮ ಕೆಲವು ಕುಟುಂಬದವರು ಈರುಳ್ಳಿ ಹೆಚ್ಚಿ ಕೊಡುತ್ತಾರೆ, ಹಣದ ಡಬ್ಬಿ ನೋಡಿಕೊಳ್ಳುತ್ತಾರೆ. ಯಾರೂ ಕಾರಣ ಕೇಳುವುದಿಲ್ಲ. ಕೆಲಸ ಹುಡುಕುವಾಗ ಸ್ಥಳೀಯರೊಬ್ಬರ ಶಿಫಾರಸು ಎಷ್ಟು ಮುಖ್ಯವೆಂಬುದು ಬಂದ ಮೇಲೆ ತಿಳಿಯುತ್ತದೆ, ಆದರೆ ಅದೊಂದಕ್ಕಾಗಿಯೇ ಬರುವವರನ್ನು ಆ ಹಿರಿಯರು ಎರಡನೆಯ ವಾರದಲ್ಲೇ ಗುರುತಿಸುತ್ತಾರೆ.

ಊರಿನಲ್ಲಿರುವ ಬಂಧುಗಳು ಮುಂದಿನ ಸಲ ಶಾಲೆಗಾಗಿ ಫೋನು ಮಾಡುವ ಮುನ್ನ ಶಾಲಾಭಿವೃದ್ಧಿ ಸಮಿತಿಯೊಂದಿಗೆ ಕುಳಿತು ಇಷ್ಟನ್ನು ಬರೆದು ಕಳುಹಿಸಿದರೆ ಸಾಕು: ಹುಡುಗಿಯರೆಷ್ಟು, ಬಳಕೆಯಲ್ಲಿರುವ ಶೌಚಾಲಯಗಳೆಷ್ಟು, ನೀರು ಎಲ್ಲಿಂದ, ಕಳೆದ ಬಾರಿ ಬಂದ ದಾನ ಈಗ ಯಾವ ಸ್ಥಿತಿಯಲ್ಲಿದೆ, ಮತ್ತು ಹತ್ತಿರದ ಪಟ್ಟಣದಲ್ಲಿ ಜೊತೆಗೂಡಬಲ್ಲ ಕ್ಲಬ್ಬು ಯಾವುದು.