ಕಾರ್ಡು ಮಾಡಿಸಿದ ಮನೆ, ಮಾಡಿಸದ ಮನೆ

ಪುತ್ತೂರು ತಾಲ್ಲೂಕಿನ, ಕೇರಳ ಗಡಿಗೆ ಹತ್ತಿರದ ಈಶ್ವರಮಂಗಲದಂಥ ಅಡಿಕೆ ಸೀಮೆಯಲ್ಲಿ ಆರೋಗ್ಯ ವಿಮೆಯ ಮಾತು ಹೊರಡುವುದು ಆಸ್ಪತ್ರೆಯಿಂದಲ್ಲ, ಸೊಸೈಟಿಯಿಂದ. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದ ಮೇಲೆ ಇಲ್ಲಿ ಸಾಲಕ್ಕೂ ಗೊಬ್ಬರಕ್ಕೂ ಅದೇ ದಾರಿ. ಹಾಲು, ಅಡಿಕೆಗಳೂ ಆಮೇಲೆ ಸಂಘದ ಲೆಕ್ಕಕ್ಕೇ ಬಂದವು.

2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯೂ ಇದೇ ದಾರಿ ಹಿಡಿಯಿತು. ಡಾ. ದೇವಿ ಶೆಟ್ಟಿಯವರ ಆಲೋಚನೆ, ಸರ್ಕಾರದ ಬೆಂಬಲ. ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60. ಹಣ ಕಟ್ಟಿಸಿಕೊಂಡವರು ಪರಿಚಯವಿಲ್ಲದ ಏಜೆಂಟರಲ್ಲ, ದಿನಾ ಮುಖ ನೋಡುವ ಕಾರ್ಯದರ್ಶಿಗಳು. ಮೊದಲ ವರ್ಷವೇ ರಾಜ್ಯದಲ್ಲಿ ಸುಮಾರು 16 ಲಕ್ಷ ಜನ ಸೇರಿದರು, ಮರುವರ್ಷ 20 ಲಕ್ಷ ದಾಟಿತು. ಮೂರನೆಯ ವರ್ಷ ಕಂತು 120 ರೂಪಾಯಿಯಾದದ್ದೇ ತಡ, ಸಂಖ್ಯೆ 15 ಲಕ್ಷದೊಳಕ್ಕೆ ಕುಸಿಯಿತು.

ಕಂತು ಭಾರವಾಯಿತು ಎಂದು ಇಲ್ಲಿಗೇ ಷರಾ ಬರೆಯಬಹುದು. ಐದು ಜನರ ಮನೆಗೆ 300 ಇದ್ದದ್ದು 600 ಆಯಿತು, ನಿಜ. ಆದರೆ ಆ ಹಣಕ್ಕೆ ಸಿಗುವುದೇನು ಎಂದೂ ಮನೆಯವರು ಕೇಳುತ್ತಾರಲ್ಲ! ಯೋಜನೆಯ ಒತ್ತು ಇದ್ದದ್ದು ಶಸ್ತ್ರಚಿಕಿತ್ಸೆಯ ಮೇಲೆ. ಮಳೆಗಾಲದಲ್ಲಿ ಈ ಕಡೆಯವರನ್ನು ಮಲಗಿಸುವುದು ಆಪರೇಷನ್ ಬೇಡದ ಡೆಂಗಿ, ಇಲಿಜ್ವರ. ಎರಡು ವರ್ಷ ಯಾರಿಗೂ ಆಪರೇಷನ್ ಆಗದ ಮನೆ ಮೂರನೆಯ ಸಲ ಕೈ ಹಿಂದೆಗೆದರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ. ಆರೋಗ್ಯವಂತರು ಹೀಗೆ ಜಾರಿಕೊಂಡರೆ ಉಳಿಯುವವರು ಚಿಕಿತ್ಸೆ ಬೇಕಾದವರೇ. ಆಗ ಕಂತು ಮತ್ತೆ ಏರಬೇಕಾಗುತ್ತದೆ.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು: ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಸಂಪೂರ್ಣ ಸುರಕ್ಷಾ’ ವಿಮೆ 2004ರಲ್ಲಿ ಶುರುವಾಯಿತು. ಅದು ಸ್ವಸಹಾಯ ಸಂಘಗಳ ಮೂಲಕ ಮನೆಯನ್ನೇ ಒಂದು ಘಟಕವಾಗಿ ಹಿಡಿಯಿತು. ಪ್ರತಿ ವಾರ ಸಭೆ ಸೇರಿ ಉಳಿತಾಯ ಮಾಡುವ ಹೆಂಗಸರಿಗೆ ಕಂತು ದೊಡ್ಡ ಗಂಟಾಗಿ ಕಾಣಲಿಲ್ಲ. ಪಕ್ಕದ ಮನೆಯ ಹೆರಿಗೆಗೆ ದುಡ್ಡು ಬಂದದ್ದು ಅದೇ ಸಭೆಯಲ್ಲಿ ಗೊತ್ತಾಗುತ್ತಿತ್ತು. ಅದಕ್ಕಿಂತ ಒಳ್ಳೆಯ ಜಾಹೀರಾತು ಇನ್ನೇನಿದೆ?

ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಬೇರೊಂದು ಜಾಗಕ್ಕೆ ಕೈ ಹಾಕಿತು. ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಕೂಲಿ ನಷ್ಟಕ್ಕೂ ಅಲ್ಲಿ ಪರಿಹಾರವಿತ್ತು. ಬಿಲ್ಲು ಮಾಫಾದರೂ ಬಸ್ಸಿನ ಚಾರ್ಜು, ಜೊತೆಗಿರುವವರ ಊಟ, ತಪ್ಪಿದ ಸಂಬಳ ಮನೆಯವರ ತಲೆಗೇ ಬರುತ್ತವೆ ಎಂಬುದನ್ನು ಅರಿತ ಯೋಜನೆಗಳು ಕಡಿಮೆ.

ಸಂಘದ ಬಾಗಿಲಿಗೆ ಇನ್ನೊಂದು ಮಗ್ಗುಲಿದೆ. ನಡುವೆ ನಿಂತುಹೋಗಿದ್ದ ಯಶಸ್ವಿನಿ 2022ರಲ್ಲಿ ಮರಳಿ ಬಂದಾಗ ಗ್ರಾಮೀಣ ಸಹಕಾರಿಗಳ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಕಂತು, 5 ಲಕ್ಷದ ರಕ್ಷಣೆ. ತೋಟದ ಯಜಮಾನರು ಸೊಸೈಟಿಯ ಸದಸ್ಯರು, ಸೇರುವುದು ಸಲೀಸು. ಅವರ ತೋಟದಲ್ಲಿ ಮರವೇರಿ ಕೊನೆ ಇಳಿಸುವ, ಮದ್ದು ಬಿಡುವ ಕೆಲಸಗಾರನಿಗೆ ಬೀಳುವ ಅಪಾಯ ಹೆಚ್ಚು. ಸದಸ್ಯತ್ವ ಇಲ್ಲದಿದ್ದರೆ ಆ ಬಾಗಿಲು ಅವನಿಗಿಲ್ಲ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಂತಿಲ್ಲದೆ ಅವನ ನೆರವಿಗೆ ಬರುತ್ತದೆ. ಗಡಿ ದಾಟಿ ಕೆಲಸಕ್ಕೆ ಬರುವವನ ರೇಷನ್ ಕಾರ್ಡು ಕೇರಳದ್ದಾದರೆ, ಆ ಲೆಕ್ಕ ತಿರುವನಂತಪುರಕ್ಕೆ ಸೇರಿದ್ದು.