ಒಂದೇ ಪೆಟ್ಟಿಗೆಯ ಎರಡು ಹಲ್ಲಿಗಳು

ಪರದೇಶಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರ ಮಕ್ಕಳು ಚಿರತೆಹಲ್ಲಿಗಳನ್ನು ಸಾಕುತ್ತಿರುವರೆಂದು ಕೇಳಿ ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ. ಮೈಮೇಲೆ ಚುಕ್ಕೆಗಳುಳ್ಳ ಈ ಪ್ರಾಣಿಯು ಅಫಘಾನಿಸ್ತಾನ, ಪಾಕಿಸ್ತಾನ ಮೊದಲಾದ ಸೀಮೆಗಳ ಒಣ ಕಲ್ಲುನೆಲದ್ದು. ಜೀವವುಳ್ಳ ಹುಳುಗಳೇ ಇದರ ಆಹಾರವು.

ಎರಡನ್ನು ಒಂದೇ ಗಾಜಿನ ಪೆಟ್ಟಿಗೆಯಲ್ಲಿಟ್ಟು 10 ಚಿಮ್ಮಂಡೆ ಹುಳುಗಳನ್ನು ಬಿಟ್ಟರೆ, ಒಂದೊಂದಕ್ಕೆ 5 ದೊರೆತವೆಂದು ಮಕ್ಕಳು ಎಣಿಸುವರು. ಈ ಲೆಕ್ಕವು ತಪ್ಪು. ಬಲವುಳ್ಳದ್ದು 8ನ್ನು ನುಂಗಬಹುದು. ಅಂಜುವಂಥಾದ್ದು ಮೂಲೆಯಲ್ಲಿ ಅಡಗಿರುವುದು. ಅದು ದೂರು ಹೇಳದು. ಕೊಬ್ಬನ್ನು ಕೂಡಿಡುವ ಅದರ ದಪ್ಪ ಬಾಲವು ದಿನೇ ದಿನೇ ಸೊರಗುವುದೊಂದೇ ಸಾಕ್ಷಿ. ತಿನ್ನದೆ ಉಳಿದ ಚಿಮ್ಮಂಡೆಗಳು ಹಲ್ಲಿಯನ್ನೇ ಕಚ್ಚುವುದೂ ಉಂಟು.

ಆದುದರಿಂದ ಪ್ರತ್ಯೇಕ ಪೆಟ್ಟಿಗೆಗಳೇ ಉತ್ತಮವೆಂಬುದು ನಮ್ಮ ದೃಢವಾದ ಅಭಿಪ್ರಾಯವು. ಈ ಜಾತಿಯು ಸಂಗಡಿಗರನ್ನು ಬಯಸುವಂಥಾದ್ದಲ್ಲ. ಎರಡು ಗಂಡುಗಳಾದರೆ ಕಾದಾಡುವವು. ಅದು ಕೂಡದಿದ್ದಲ್ಲಿ, ಉಣಿಸುವ ವೇಳೆಗಾದರೂ ಅವುಗಳನ್ನು ಅಗಲಿಸಿ, ಒಂದೊಂದರ ಪಾಲನ್ನು ಕಣ್ಣೆದುರಿಗೆ ತಿನ್ನಿಸಿ, ಆಗಾಗ್ಗೆ ತೂಗಿ ಬರೆದಿಡತಕ್ಕದ್ದು.

ಬೋರ್ಡಿಂಗಿನ ಊಟದ ಸಾಲಿನಲ್ಲಿ ನಾವು ಕಲಿತ ಪಾಠವೂ ಇದೇ. ಪಾತ್ರೆಯಲ್ಲಿ ಸಾಕಷ್ಟು ಅನ್ನವಿದ್ದರೆ ಸಾಲದು. ಕೇಳಲು ನಾಚುವ ಮಗುವಿನ ತಟ್ಟೆಗೆ ಬಿತ್ತೇ ಎಂದು ನೋಡಬೇಕು. ನಮಗೆ ಒಪ್ಪಿಸಲ್ಪಟ್ಟ ಕಿರುಜೀವಿಗಳ ವಿಷಯದಲ್ಲಿಯೂ ಕರ್ತನು ಲೆಕ್ಕ ಕೇಳುವನೆಂದು ನಾವು ನಂಬಿದ್ದೇವೆ.